ಸ್ಮಾರ್ಟ್ ಲಾಕ್ ಪದೇ ಪದೇ ‘ಆಫ್‌ಲೈನ್’ ಆಗುತ್ತಿದೆ, ರೀಸೆಟ್ ಮಾಡಲಾ?

ಪ್ರಶ್ನೆ: ನಮಸ್ಕಾರ ಸರ್. ನಾನಿರುವುದು ಪುಣೆಯಲ್ಲಿ. ಶಿವಮೊಗ್ಗದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಅಮ್ಮನಿಗೆ ಮಂಡಿನೋವು, ಮಹಡಿ ಇಳಿದು ಬಂದು ಬಾಗಿಲು ತೆಗೆಯುವುದು ಕಷ್ಟ. ಅದಕ್ಕೇ ಹೋದ ವರ್ಷ ಮುಂಬಾಗಿಲಿಗೆ ವೈಫೈ ಲಾಕ್ ಹಾಕಿಸಿದೆ. ಬೆಳಿಗ್ಗೆ ಕೆಲಸದ ಅಕ್ಕ ಬಂದು ಫೋನ್ ಮಾಡಿದರೆ ನಾನು ಇಲ್ಲಿಂದಲೇ ತೆಗೆಯುತ್ತಿದ್ದೆ. ಒಂದು ತಿಂಗಳಿಂದ ಆ್ಯಪ್‌ನಲ್ಲಿ ‘ಆಫ್‌ಲೈನ್’ ಅಂತಲೇ ಬರುತ್ತದೆ. ಕರೆಂಟ್ ಹೋಗಿ ಬಂದ ಮೇಲಂತೂ ಜಾಸ್ತಿ. ಬೆರಳಿಟ್ಟರೆ, ನಂಬರ್ ಒತ್ತಿದರೆ ಮಾತ್ರ ಸರಿಯಾಗಿ ತೆಗೆಯುತ್ತದೆ. ಕಸ್ಟಮರ್ ಕೇರ್‌ನವರು ರೀಸೆಟ್ ಮಾಡಿ ಅನ್ನುತ್ತಾರೆ. ಮಾಡಲಾ?

ಉತ್ತರ: ದಯವಿಟ್ಟು ಬೇಡ. ಸಾಮಾನ್ಯವಾಗಿ ರೀಸೆಟ್ ಮಾಡಿದರೆ ಅಪ್ಪ ಅಮ್ಮನ ಬೆರಳಚ್ಚು, ನಂಬರ್, ಕಾರ್ಡ್ ಎಲ್ಲ ಅಳಿಸಿಹೋಗುತ್ತದೆ. ದೂರದಲ್ಲಿ ಕೂತು ಅದನ್ನೆಲ್ಲ ಮತ್ತೆ ಹಾಕಿಸುವುದು ದೊಡ್ಡ ತಲೆನೋವು. ನಾನು ಬೀಗ, ಕ್ಯಾಮೆರಾ ಹಾಕುವ ಕೆಲಸ ಮಾಡುವವನು. ರೀಸೆಟ್ ಮಾಡಿ ಮನೆಯವರು ಹೊರಗೆ ನಿಂತಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಬೆರಳಿಗೆ ತೆಗೆಯುತ್ತಿದೆ ಎಂದರೆ ಬೀಗ ಚೆನ್ನಾಗೇ ಇದೆ. ಬೆರಳಚ್ಚು, ನಂಬರ್ ಎಲ್ಲ ಲಾಕ್ ಒಳಗೇ ಇರುತ್ತದೆ, ಅದಕ್ಕೆ ನೆಟ್ ಬೇಕಿಲ್ಲ. ತೊಂದರೆ ಇರುವುದು ಬಾಗಿಲಿನಿಂದ ನಿಮ್ಮ ಫೋನ್‌ವರೆಗಿನ ದಾರಿಯಲ್ಲಿ. ಆಫ್‌ಲೈನ್ ಅಂತ ಬಂದ ಹೊತ್ತಿಗೇ ಅಪ್ಪ ಬಾಗಿಲ ಪಕ್ಕ ನಿಂತು, ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈನಲ್ಲಿ ಯಾವುದಾದರೂ ವಿಡಿಯೋ ಹಾಕಿ ನೋಡಲಿ. ಓಡಿದರೆ ಇಂಟರ್ನೆಟ್ ಸರಿ ಇದೆ, ಲಾಕ್ ಮತ್ತು ರೂಟರ್ ನಡುವೆ ಏನೋ ಆಗಿದೆ. ಓಡದಿದ್ದರೆ ಲಾಕನ್ನು ಮುಟ್ಟಲೇಬೇಡಿ, ರೂಟರ್ ಕಡೆ ನೋಡಿ.

ಎರಡನೆಯದು ಸೆಲ್. ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಇಲ್ಲಿ ನಡೆಯಲ್ಲ. ವೈಫೈ ಪ್ರತಿ ಸಲ ಮಾತಾಡುವಾಗ ಒಂದೇ ಗುಟುಕಿಗೆ ಕರೆಂಟ್ ಎಳೆಯುತ್ತದೆ, ಆ ಸೆಲ್‌ಗಳ ವೋಲ್ಟೇಜ್ ಆಗ ಕುಸಿಯುತ್ತದೆ. ಕೆಲವು ಲಾಕ್‌ಗಳು ಸೆಲ್ ಇಳಿದಾಗ ಬಾಗಿಲು ತೆಗೆಯುವ ಶಕ್ತಿ ಉಳಿಸಿಕೊಳ್ಳಲು ಮೊದಲು ವೈಫೈಯನ್ನೇ ನಿಲ್ಲಿಸುತ್ತವೆ. ಅಲ್ಕಲೈನ್ ಸೆಲ್ ತನ್ನಿ. ಒಂದೇ ಕಂಪನಿಯದು, ಎಲ್ಲವೂ ಹೊಸದು. ಹಳೆಯದರ ಜೊತೆ ಹೊಸದು ಸೇರಿಸಬೇಡಿ.

ಕರೆಂಟ್ ಹೋಗಿ ಬಂದ ಮೇಲೆ ಜಾಸ್ತಿ ಅಂದಿರಲ್ಲ, ಅದಕ್ಕೂ ಕಾರಣವಿದೆ. ರೂಟರ್ ಆನ್ ಆದಾಗ ‘ಆಟೋ’ದಲ್ಲಿದ್ದರೆ ಬೇರೆ ಚಾನೆಲ್, ಅಂದರೆ ವೈಫೈ ಓಡಾಡುವ ಬೇರೆ ದಾರಿ, ಹಿಡಿಯಬಹುದು. ಲಾಕ್ ಸ್ವಲ್ಪ ಹೊತ್ತು ಹುಡುಕಿ, ಸೆಲ್ ಉಳಿಸಲು ಮಲಗಿಬಿಡುತ್ತದೆ. ಈಗಿನ ಬಹಳಷ್ಟು ರೂಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬಗೆಯ ವೈಫೈ ಕೊಡುತ್ತವೆ, ಇಂಥ ಲಾಕ್‌ಗಳಲ್ಲಿ ಹೆಚ್ಚಿನವು 2.4 ಮಾತ್ರ ಹಿಡಿಯುತ್ತವೆ. ನೆಟ್ ಹಾಕಿದವರನ್ನು ಕರೆಸಿ 2.4ಕ್ಕೂ 5ಕ್ಕೂ ಬೇರೆ ಬೇರೆ ಹೆಸರು ಇಡಿಸಿ. ಈಗಿರುವ ಹೆಸರು, ಪಾಸ್‌ವರ್ಡ್ 2.4ಕ್ಕೇ ಇರಲಿ, ಹೊಸ ಹೆಸರು 5ಕ್ಕೆ ಕೊಡಲಿ. ಇಲ್ಲದಿದ್ದರೆ ಲಾಕ್‌ಗೆ ವೈಫೈಯನ್ನು ಮತ್ತೆ ಹೊಸದಾಗಿ ಹಾಕಬೇಕಾಗುತ್ತದೆ. 2.4ರ ಚಾನೆಲ್ಲನ್ನು 1, 6, 11ರಲ್ಲಿ ಒಂದಕ್ಕೆ ನಿಲ್ಲಿಸಲು ಹೇಳಿ. ರೂಟರ್‌ನಲ್ಲಿ ವೈಫೈ ಸೆಕ್ಯೂರಿಟಿಯ ಬಗೆ ‘ಡಬ್ಲ್ಯೂಪಿಎ 3’ ಮಾತ್ರ ಅಂತಿದ್ದರೆ ‘ಡಬ್ಲ್ಯೂಪಿಎ 2’ಕ್ಕೆ ಬದಲಿಸಿ, ಹಳೆಯ ಲಾಕ್‌ಗಳಿಗೆ 3 ಹಿಡಿಯುವುದಿಲ್ಲ. ರೂಟರ್‌ಗೆ ಒಂದು ಚಿಕ್ಕ ಯುಪಿಎಸ್ ಹಾಕಿಸಿ. ಹೆಚ್ಚಿನ ರೂಟರ್‌ಗಳು 12 ವೋಲ್ಟ್‌ನವು, ಆದರೂ ಅಡಾಪ್ಟರ್ ಮೇಲೆ ಬರೆದಿರುವುದನ್ನು ನೋಡಿಯೇ ಕೊಳ್ಳಿ. ಫೈಬರ್ ಡಬ್ಬಿ ಬೇರೆ ಇದ್ದರೆ ಅದಕ್ಕೂ ಬೇಕು.

ಅದೇ ಪ್ರಶ್ನೆ, ಐದು ದಿನದ ನಂತರ: ಸರ್, ನೀವು ಹೇಳಿದ್ದು ಸರಿ. ಒಳಗೆ ಎರಡು ಕಂಪನಿಯ ಸೆಲ್ ಇತ್ತು. ಬದಲಿಸಿದ ಮೇಲೆ ನಾಲ್ಕು ದಿನ ಚೆನ್ನಾಗಿತ್ತು. ನಿನ್ನೆಯಿಂದ ಜೋರು ಮಳೆ, ಮತ್ತೆ ಆಫ್‌ಲೈನ್. ವೈಫೈನಲ್ಲಿ ವಿಡಿಯೋ ಓಡುತ್ತಿದೆ. ಲಾಕ್ ಆಗುವಾಗ ಎರಡು ಸಲ ‘ಗರ್‌’ ಅಂತ ಸದ್ದು ಬರುತ್ತದೆ ಅಂತಾರೆ ಅಪ್ಪ.

ಉತ್ತರ: ಆ ಸದ್ದು ಹೇಳಿದ್ದು ಬಹಳ ಒಳ್ಳೆಯದಾಯಿತು. ನಿಮ್ಮದು ಮರದ ಬಾಗಿಲು ಅಲ್ವಾ? ಮಲೆನಾಡಿನ ಮಳೆಗೆ ಮರ ಉಬ್ಬುತ್ತದೆ. ಲಾಕ್‌ನಿಂದ ಹೊರಗೆ ಚಾಚುವ ಬೋಲ್ಟ್ ಚೌಕಟ್ಟಿನ ತೂತಿಗೆ ನೇರವಾಗಿ ಹೋಗದೆ ಅಂಚಿಗೆ ಉಜ್ಜುತ್ತದೆ. ಮೋಟಾರ್ ಜಾಸ್ತಿ ಕಷ್ಟಪಡುತ್ತದೆ, ವೋಲ್ಟೇಜ್ ಬೀಳುತ್ತದೆ, ವೈಫೈ ಬಿಟ್ಟುಹೋಗುತ್ತದೆ. ಹೊಸ ಸೆಲ್ ಕೂಡ ಬೇಗ ಖಾಲಿಯಾಗುತ್ತದೆ.

ಖಚಿತ ಮಾಡಿಕೊಳ್ಳಲು ಬಾಗಿಲು ತೆರೆದಿಟ್ಟೇ ಲಾಕ್ ಮಾಡಿಸಿ. ಆಗ ಸದ್ದು ಹಗುರಾಗಿದ್ದು ಮುಚ್ಚಿದಾಗ ‘ಗರ್‌’ ಅಂದರೆ ಉಜ್ಜುತ್ತಿದೆ ಅಂತಲೇ ಅರ್ಥ. ಅಮ್ಮನ ಕುಂಕುಮಕ್ಕೆ ಒಂದು ಹನಿ ಎಣ್ಣೆ ಕಲಸಿ ಬೋಲ್ಟ್ ತುದಿಗೆ ಹಚ್ಚಲಿ. ಬಾಗಿಲು ಹಾಕಿ, ಲಾಕ್ ಮಾಡಿ, ತೆಗೆಯಲಿ. ಚೌಕಟ್ಟಿನ ತಗಡಿನಲ್ಲಿ ಕೆಂಪು ಎಲ್ಲಿ ಅಂಟಿದೆಯೋ ಅಲ್ಲೇ ತಾಗುತ್ತಿರುವುದು. ಬಡಗಿಗೆ ಆ ಗುರುತು ತೋರಿಸಿದರೆ ಸಾಕು, ತಗಡಿನ ಆ ಅಂಚಿಗೆ ಅರ ಹಾಕಿ ಸ್ವಲ್ಪ ಅಗಲ ಮಾಡುತ್ತಾರೆ. ಬಾಗಿಲನ್ನೇ ಕೆತ್ತಲು ಬಿಡಬೇಡಿ. ಬೇಸಿಗೆಗೆ ಮರ ಕುಗ್ಗಿದಾಗ ಸಂದು ಬೀಳುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಕೆಲಸದ ಅಕ್ಕ ಒಳಗೆ ಬರಲು ಪುಣೆಯಲ್ಲಿ ನೀವು ಎದ್ದಿರಬೇಕು, ಎರಡೂ ಕಡೆ ನೆಟ್ ಇರಬೇಕು. ಇದು ಬೇಡ. ಅವರಿಗೇ ಬೇರೆ ನಂಬರ್ ಹಾಕಿಕೊಡಿ. ಬಹಳ ಲಾಕ್‌ಗಳಲ್ಲಿ ಬೆಳಿಗ್ಗೆ 6ರಿಂದ 9ರವರೆಗೆ ಮಾತ್ರ ನಡೆಯುವ ಹಾಗೆ ಮಾಡಬಹುದು. ನೆಟ್ ಇಲ್ಲದಿದ್ದರೂ ಬಾಗಿಲು ತೆಗೆಯುತ್ತದೆ, ಅಮ್ಮನೂ ಇಳಿಯಬೇಕಿಲ್ಲ.

ಇನ್ನೊಬ್ಬರ ಪ್ರಶ್ನೆ: ಸರ್, ನಮ್ಮದು ಬೆಂಗಳೂರಿನ ಅಪಾರ್ಟ್‌ಮೆಂಟ್, ಸ್ಟೀಲ್ ಬಾಗಿಲು. ಬಾಗಿಲ ಹತ್ತಿರ ಫೋನ್‌ನಲ್ಲಿ ಮೂರು ಕಡ್ಡಿ ಬರುತ್ತದೆ, ಆದರೂ ಲಾಕ್ ಆಫ್‌ಲೈನ್. ಚಾರ್ಜ್ ಮಾಡುವ ಸೆಲ್ ಹಾಕಿದ್ದೇನೆ, ಅದರಿಂದ ತೊಂದರೆಯಾ?

ಉತ್ತರ: ಮೇಡಂ, ಫೋನ್ ಆಂಟೆನಾ ಲಾಕ್‌ನದಕ್ಕಿಂತ ಚೆನ್ನಾಗಿರುತ್ತದೆ, ಕಡ್ಡಿ ನೋಡಿ ನಂಬಬೇಡಿ. ಲಾಕ್ ಉಕ್ಕಿನ ಹಲಗೆಗೆ ಅಂಟಿಕೊಂಡೇ ಕೂತಿದೆ. ನಡುವೆ ಕಾಂಕ್ರೀಟ್ ಗೋಡೆಯೋ ಫ್ರಿಜ್ಜೋ ಇದ್ದರೆ ಸಿಗ್ನಲ್ ಇನ್ನೂ ಇಳಿಯುತ್ತದೆ. ಸಿಗ್ನಲ್ ಅಳೆಯುವ ಆ್ಯಪ್ ಹಾಕಿ ನೋಡಿ, ಬಾಗಿಲ ಹತ್ತಿರ ಮೈನಸ್ 67 ಡಿಬಿಎಂ ಅಥವಾ ಅದಕ್ಕಿಂತ ಮೇಲೆ, ಅಂದರೆ ಸೊನ್ನೆಯ ಕಡೆಗೆ, ಇದ್ದರೆ ಒಳ್ಳೆಯದು, ಮೈನಸ್ 80 ಅಂದರೆ ಕಷ್ಟ. ಮೊದಲು ರೂಟರನ್ನು ಟಿವಿ ಹಿಂದಿನಿಂದ ತೆಗೆದು ಎತ್ತರದಲ್ಲಿಡಿ. ಸಾಲದಿದ್ದರೆ ನಿಮ್ಮ ಲಾಕ್‌ಗೆ ಗೇಟ್‌ವೇ ಸಿಗುತ್ತದಾ ಕೇಳಿ. ಅದು ಪ್ಲಗ್‌ಗೆ ಹಾಕುವ ಚಿಕ್ಕ ಡಬ್ಬಿ, ಲಾಕ್ ಜೊತೆ ಬ್ಲೂಟೂತ್‌ನಲ್ಲಿ ಮಾತಾಡುತ್ತದೆ, ರೂಟರ್ ಜೊತೆ ವೈಫೈನಲ್ಲಿ. ಬಾಗಿಲಿನಿಂದ ಎರಡು ಮೂರು ಮೀಟರ್ ಒಳಗೇ ಹಾಕಿ. ಲಾಕ್ ಸೆಲ್ ಕೂಡ ಜಾಸ್ತಿ ದಿನ ಬರುತ್ತದೆ.

ಚಾರ್ಜ್ ಮಾಡುವ ಸೆಲ್ ತೆಗೆದುಬಿಡಿ. ಒಂದೊಂದು 1.2 ವೋಲ್ಟ್, ಅಲ್ಕಲೈನ್ 1.5. ನಾಲ್ಕು ಸೇರಿದರೆ 6ರ ಬದಲು 4.8. ಲಾಕ್‌ಗೆ ಸೆಲ್ ಎಷ್ಟು ಉಳಿದಿದೆ ಅಂತ ಸರಿಯಾಗಿ ಗೊತ್ತಾಗುವುದೇ ಇಲ್ಲ.

ಮೊದಲ ಪ್ರಶ್ನೆ ಕೇಳಿದವರು: ಸರ್, ಕುಂಕುಮ ಕೆಳಗಿನ ಅಂಚಿಗೆ ಅಂಟಿತ್ತು. ಬಡಗಿ ಬಂದು ಅರ ಹಾಕಿದರು, ಸದ್ದು ನಿಂತಿತು. ಅಕ್ಕನಿಗೆ ನಂಬರ್ ಕೊಟ್ಟಿದ್ದೇವೆ. ಬೀಗದ ಜೊತೆ ಬಂದ ಎರಡೂ ಕೀ ಬೀರುವಿನಲ್ಲಿ ಭದ್ರವಾಗಿವೆಯಂತೆ.

ಉತ್ತರ: ಇವತ್ತೇ ಒಂದು ಕೀ ಬೀರುವಿನಿಂದ ತೆಗೆಸಿ, ನಂಬಿಕಸ್ತ ಪಕ್ಕದ ಮನೆಯವರ ಕೈಯಲ್ಲಿ ಕೊಡಿಸಿ. ಹಾಗೇ ಲಾಕ್‌ನ ಹೊರಗಡೆ ಕೆಳಭಾಗದಲ್ಲಿ ಎರಡು ಪುಟ್ಟ ಲೋಹದ ಚುಕ್ಕಿಗಳಿವೆಯಾ, ಅಥವಾ ಟೈಪ್ ಸಿ ತೂತಿದೆಯಾ ನೋಡಲು ಹೇಳಿ. ಸೆಲ್ ಪೂರ್ತಿ ಸತ್ತರೆ ಆ ಚುಕ್ಕಿಗಳಿಗೆ 9 ವೋಲ್ಟ್ ಬ್ಯಾಟರಿ ತಾಗಿಸಿ ಅಥವಾ ಪವರ್ ಬ್ಯಾಂಕ್ ಸಿಕ್ಕಿಸಿ ನಂಬರ್ ಒತ್ತಬಹುದು. ಅಪ್ಪನ ಕೈಯಲ್ಲಿ ಒಮ್ಮೆ ಮಾಡಿಸಿ ನೋಡಿ, ಬಾಗಿಲು ತೆರೆದಿರುವಾಗಲೇ.