ಮರೀನಾದಲ್ಲಿ ಕಟ್ಟಿದ ವಾಸದ ಬೋಟಿನ ಹಗ್ಗ ಗಾಳಿಗೆ ಹರಿಯುತ್ತಿದೆ: ಚಂಡಮಾರುತದ ತಿಂಗಳುಗಳಿಗೆ ಏನು ವ್ಯವಸ್ಥೆ ಮಾಡಬೇಕು?

ಪ್ರಶ್ನೆ: ವಿಜಯಪುರದ ಪಂಪ್‌ಸೆಟ್ ಅಂಗಡಿಯವರು

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರದಲ್ಲಿ ಪಂಪ್‌ಸೆಟ್ ರಿಪೇರಿ ಮತ್ತು ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ಬೋಟಿನ ಅನುಭವ ನನಗಿಲ್ಲ. ನನ್ನ ತಮ್ಮ ಅಮೆರಿಕದ ಫ್ಲಾರಿಡಾದಲ್ಲಿ, ಟ್ಯಾಂಪಾ ಕೊಲ್ಲಿಯ ದಂಡೆಯಲ್ಲಿ ಕೆಲಸಕ್ಕಿದ್ದಾನೆ. ಮನೆ ಬಾಡಿಗೆ ಕೈಗೆಟುಕದೆ 34 ಅಡಿಯ ಹಳೆಯ ಹಾಯಿಬೋಟೊಂದನ್ನು ಕೊಂಡು, ಅದನ್ನು ಮರೀನಾದಲ್ಲಿ, ಎಂದರೆ ಸಣ್ಣ ಬೋಟುಗಳನ್ನು ಕಟ್ಟಿ ನಿಲ್ಲಿಸುವ ಬಂದರಿನಲ್ಲಿ, ಕಟ್ಟಿ, ಅದರೊಳಗೇ ವಾಸವಾಗಿದ್ದಾನೆ. ಅಲ್ಲಿ ಜೂನ್ 1ರಿಂದ ನವೆಂಬರ್ 30ರ ವರೆಗೆ ಚಂಡಮಾರುತದ ಕಾಲ.

ಹೋದ ಸಲ ಬಿರುಗಾಳಿಯೊಂದು ಸಮುದ್ರದಲ್ಲಿ ದೂರದಿಂದಲೇ ಹಾದುಹೋದಾಗ ಅವನ ಬೋಟಿನ ಎರಡು ಹಗ್ಗಗಳು ಹರಿದವು. ಅವು ಹೊಸ ನೈಲಾನ್ ಹಗ್ಗಗಳು, 16 ಮಿಲಿಮೀಟರ್ ದಪ್ಪದವು. ಬೋಟಿನ ಅಂಚಿನಲ್ಲಿ ಹಗ್ಗ ಹೊರಬೀಳುವ ಲೋಹದ ಕಿಂಡಿಯ ಹತ್ತಿರವೇ ಎರಡೂ ಹರಿದಿವೆ. ತವೆಯದಿರಲೆಂದು ಅಲ್ಲಿ ತೋಟಕ್ಕೆ ನೀರು ಬಿಡುವ ಪ್ಲಾಸ್ಟಿಕ್ ಪೈಪಿನ ತುಂಡನ್ನು ತೊಡಿಸಿದ್ದನಂತೆ. ಅದೇ ರಾತ್ರಿ ದಂಡೆಯ ಕರೆಂಟು ಹೋಗಿ, ಬೋಟಿನ ತಳದ ನೀರು ಹೊರಹಾಕುವ ಪಂಪು ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದಾಗಿ ನಿಂತಿತ್ತು.

ಈ ಸಲ ಇನ್ನೂ ದಪ್ಪ ಹಗ್ಗ, ಇನ್ನೂ ದೊಡ್ಡ ಪಂಪು ಹಾಕಿ, ಗಾಳಿ ಬಂದಾಗ ತಾನೇ ಒಳಗಿದ್ದು ಹಗ್ಗ ಸರಿಪಡಿಸುತ್ತೇನೆ ಎನ್ನುತ್ತಾನೆ. ಇದು ಸರಿಯೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಬಾಗಲಕೋಟೆ, ಹಿನ್ನೀರಿನಲ್ಲಿ ಬೋಟು ನಡೆಸುವವರು

ಅಣ್ಣಾವರೇ, ಹಗ್ಗದ ದಪ್ಪವನ್ನು ಆಮೇಲೆ ನೋಡೋಣ. ಮೊದಲು ಎರಡು ವಿಷಯ ತಿಳಿಸಿ. ಅವನ ಕಟ್ಟೆ ನೀರಿನ ಜೊತೆ ಏರಿಳಿಯುವ ತೇಲುವ ಕಟ್ಟೆಯೋ, ಕಂಬದ ಮೇಲೆ ನಿಂತ ಸ್ಥಿರ ಕಟ್ಟೆಯೋ? ಬೋಟಿನಿಂದ ಕಟ್ಟೆಯವರೆಗೆ ಒಂದೊಂದು ಹಗ್ಗದ ಉದ್ದವೆಷ್ಟು?

ಸಮುದ್ರದ ಸಂಗತಿ ನನಗೆ ಗೊತ್ತಿಲ್ಲವಾದರೂ ನೀರು ಏರುವ ಸಂಗತಿ ಗೊತ್ತು. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದು ಕೊಯ್ನಾ ನೀರು ಕೃಷ್ಣೆಗೆ ಬಂದು, ಆಲಮಟ್ಟಿ 519.60 ಮೀಟರಿನ ಪೂರ್ಣ ಮಟ್ಟದತ್ತ ಏರುವ ದಿನಗಳಲ್ಲಿ, ದಂಡೆಯ ಗೂಟಕ್ಕೆ ಗಿಡ್ಡ ಹಗ್ಗದಿಂದ ಬಿಗಿದ ಬೋಟು ಒಂದು ಮಗ್ಗುಲಿಗೆ ವಾಲಿಕೊಂಡು ನೀರು ಕುಡಿಯುತ್ತದೆ. ಲೆಕ್ಕ ಸರಳವಾಗಿದೆ. ಅಡ್ಡಕ್ಕೆ 3 ಮೀಟರ್ ಇರುವ ಹಗ್ಗದ ಬೋಟು 2 ಮೀಟರ್ ಮೇಲೇರಿದರೆ ಹಗ್ಗ 3.6 ಮೀಟರ್ ಆಗಬೇಕು, ಎಂದರೆ ನೂರಕ್ಕೆ ಇಪ್ಪತ್ತು ಪಾಲು ಹಿಗ್ಗಬೇಕು. ಅದೇ ಹಗ್ಗ 8 ಮೀಟರ್ ಇದ್ದರೆ 25 ಸೆಂಟಿಮೀಟರ್ ಹೆಚ್ಚಾದರೆ ಸಾಕು, ಅದು ನೂರಕ್ಕೆ ಮೂರು ಪಾಲು ಮಾತ್ರ. ಗಿಡ್ಡ ಹಗ್ಗವನ್ನು ಎಷ್ಟು ದಪ್ಪ ಮಾಡಿದರೂ ನೀರು ಏರಿದಾಗ ಹಗ್ಗ ಹರಿಯದಿದ್ದರೆ ಬೋಟಿನ ಕೊಕ್ಕೆಯೇ ಕಿತ್ತು ಬರುತ್ತದೆ.

ವಿಜಯಪುರದಿಂದ

ತಮ್ಮನನ್ನು ಕೇಳಿದೆ. ಕಟ್ಟೆ ಸ್ಥಿರವಾದುದು, ಅವನ ಜಾಗದ ನಾಲ್ಕು ಮೂಲೆಗೂ ಮರದ ಕಂಬಗಳಿವೆ. ಹಗ್ಗಗಳೆಲ್ಲ ಸುಮಾರು ಮೂರು ಮೀಟರಿನವು, ಎರಡು ಹಗ್ಗಗಳು ಒಂದೇ ಕ್ಲೀಟಿಗೆ (ಹಗ್ಗ ಸುತ್ತಿ ಬಿಗಿಯುವ ಡೆಕ್ಕಿನ ಮೇಲಿನ ಕೊಕ್ಕೆಗೆ) ಬಿಗಿದಿವೆ. ಹರಿದ ತುದಿಯ ಫೋಟೋ ನೋಡಿದೆ: ಹೊರಗಿನ ಎಳೆಗಳು ಹೆಚ್ಚು ತವೆದಿಲ್ಲ, ಆದರೆ ಒಳಗಿನ ಎಳೆಗಳು ಕರಗಿ ಒಂದಕ್ಕೊಂದು ಅಂಟಿ ಗಟ್ಟಿಯಾಗಿವೆ. ಸುಟ್ಟ ವೈಂಡಿಂಗ್ ನೋಡಿದ ಕಣ್ಣಿಗೆ ಇದು ಕತ್ತರಿಸಿದ ಹಗ್ಗವಲ್ಲ, ಬಿಸಿಯಾದ ಹಗ್ಗ ಎನಿಸುತ್ತದೆ.

ಉತ್ತರ: ಬೆಳಗಾವಿ, ವ್ಯಾಪಾರಿ ಹಡಗಿನ ನಿವೃತ್ತ ಬೋಸನ್ (ಡೆಕ್ಕಿನ ಕೆಲಸಗಾರರ ಮುಖ್ಯಸ್ಥ)

ತಾವು ಗುರುತಿಸಿದ್ದು ಸರಿಯಾಗಿದೆ. ನೈಲಾನ್ ಹಗ್ಗ ಹಿಗ್ಗಿ ಕುಗ್ಗುವುದೇ ಅದರ ಗುಣ, ಅದರಿಂದಲೇ ಅಲೆಯ ಜಗ್ಗು ತಗ್ಗುತ್ತದೆ. ಆದರೆ ಕಿಂಡಿಯ ಅಂಚಿನಲ್ಲಿ ಭಾರದಡಿ ಗಂಟೆಗಟ್ಟಲೆ ಹಾಗೆ ಹಿಗ್ಗಿ ಕುಗ್ಗಿದಾಗ ಎಳೆ ಎಳೆಗೆ ಉಜ್ಜಿ ಒಳಗೇ ಶಾಖ ಹುಟ್ಟುತ್ತದೆ. ಮಳೆನೀರು ಒಳಗಿಳಿದರೆ ಆ ಶಾಖ ಸ್ವಲ್ಪ ತಣಿಯುತ್ತದೆ. ಪ್ಲಾಸ್ಟಿಕ್ ಪೈಪು ಮಳೆಯನ್ನು ಹೊರಗಿಟ್ಟು ಶಾಖವನ್ನು ಒಳಗೇ ಹಿಡಿದಿಟ್ಟಿತು. ಅದರ ಬದಲು ಅಗ್ನಿಶಾಮಕದವರ ಹಳೆಯ ಕ್ಯಾನ್ವಾಸ್ ಪೈಪಿನಂತಹ ನೀರು ಹೀರುವ ದಪ್ಪ ಬಟ್ಟೆ ಸುತ್ತಿ, ಜಾರದಂತೆ ಹಗ್ಗಕ್ಕೇ ಹೊಲಿದುಬಿಡಬೇಕು. ಇದಕ್ಕಿಂತಲೂ ಒಳ್ಳೆಯದೆಂದರೆ, ಕ್ಲೀಟಿನಿಂದ ಕಿಂಡಿ ದಾಟುವವರೆಗೆ ಅಷ್ಟಾಗಿ ಹಿಗ್ಗದ ಪಾಲಿಯೆಸ್ಟರ್ ಹಗ್ಗವನ್ನು ಹಾಕಿ, ಅದರಾಚೆಗೆ ನೈಲಾನನ್ನು ಜೋಡಿಸುವುದು. ಆಗ ಉಜ್ಜುವ ಜಾಗದಲ್ಲಿ ಹಿಗ್ಗುವುದಿಲ್ಲ, ಹಿಗ್ಗುವ ಜಾಗದಲ್ಲಿ ಉಜ್ಜುವುದಿಲ್ಲ.

ಒಂದು ಕ್ಲೀಟಿಗೆ ಒಂದೇ ಹಗ್ಗ ಇರಲಿ. ಡೆಕ್ಕಿನ ಕೆಳಗಿನಿಂದ ಕ್ಲೀಟಿನ ಬೋಲ್ಟುಗಳನ್ನು ಕೈಯಿಂದ ಮುಟ್ಟಿ ನೋಡಲು ಹೇಳಿ: ಅಲ್ಲಿ ಅಗಲವಾದ ಲೋಹದ ತಗಡು ಇರಬೇಕು, ಬರೀ ವಾಷರ್ ಇದ್ದರೆ ಹಗ್ಗ ಬದಲಿಸಿ ಪ್ರಯೋಜನವಿಲ್ಲ. ಬಾಗಲಕೋಟೆಯವರು ಹೇಳಿದಂತೆ ಹಗ್ಗಗಳು ಉದ್ದವಾಗಲಿ. ಹತ್ತಿರದ ಕಂಬಕ್ಕಲ್ಲ, ಎದುರು ಮಗ್ಗುಲಿನ ಕಂಬಕ್ಕೆ ಓರೆಯಾಗಿ ಒಯ್ಯಬೇಕು. ಪಕ್ಕದ ಜಾಗದವರು ಬೋಟು ತೆಗೆದರೆ, ಅವರ ಒಪ್ಪಿಗೆ ಪಡೆದು ಎರಡು ಜಾಗಗಳ ನಡುವೆ ಜೇಡರ ಬಲೆಯಂತೆ ಕಟ್ಟಬಹುದು. ಬೋಟು ಯಾವ ಕಟ್ಟೆಗೂ ತಾಗದೆ ನಡುನೀರಿನಲ್ಲಿ ನಿಲ್ಲಬೇಕು.

ನೀರು ಏರುತ್ತದೆ ಎಂದಷ್ಟೇ ಎಣಿಸುವುದೂ ಸಾಲದು. 2024ರ ಸೆಪ್ಟೆಂಬರ್ 26ರಂದು ಹೆಲೀನ್ ಚಂಡಮಾರುತದ ಕೇಂದ್ರ ಟ್ಯಾಂಪಾದಿಂದ 150 ಕಿಲೋಮೀಟರಿಗೂ ಹೆಚ್ಚು ದೂರ, ಸಮುದ್ರದಲ್ಲಿ ಹಾದುಹೋಗಿದ್ದರೂ ಕೊಲ್ಲಿಯ ನೀರು ಸುಮಾರು ಎರಡು ಮೀಟರ್ ಏರಿ ದಂಡೆಯ ಮನೆಗಳಿಗೆ ನುಗ್ಗಿತು. ಎರಡು ವಾರ ಕಳೆಯುವಷ್ಟರಲ್ಲಿ, ಅಕ್ಟೋಬರ್ 9ರಂದು, ಮಿಲ್ಟನ್ ಕೊಲ್ಲಿಯ ದಕ್ಷಿಣಕ್ಕೆ ಸಿಯೆಸ್ಟಾ ಕೀ ಹತ್ತಿರ ನೆಲ ಮುಟ್ಟಿದಾಗ ಗಾಳಿ ಎದುರು ದಿಕ್ಕಿಗೆ ಬೀಸಿ ಅದೇ ಕೊಲ್ಲಿಯ ನೀರನ್ನು ಹೊರಕ್ಕೆ ಎಳೆದು ತಳ ಕಾಣಿಸಿತು. ಒಂದೇ ಕಟ್ಟೆ, ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ. ಗಿಡ್ಡ ಹಗ್ಗದ ಬೋಟು ಮೊದಲನೆಯದರಲ್ಲಿ ಮುಳುಗುತ್ತದೆ, ಎರಡನೆಯದರಲ್ಲಿ ನೇತಾಡುತ್ತದೆ.

ಇನ್ನು ಗಾಳಿಯ ಒತ್ತಡ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಗಂಟೆಗೆ 100 ಕಿಲೋಮೀಟರ್ ಗಾಳಿ ಎದುರಿಗಿರುವ ಒಂದು ಚದರ ಮೀಟರಿನ ಮೇಲೆ ಸುಮಾರು 48 ಕಿಲೋ ಭಾರ ಹಾಕಿದರೆ, 200 ಕಿಲೋಮೀಟರ್ ಗಾಳಿ 190 ಕಿಲೋ ಹಾಕುತ್ತದೆ. ಆದ್ದರಿಂದ ಬಿಸಿಲಿನ ಚಪ್ಪರ, ಸೋಲಾರ್ ಪ್ಯಾನೆಲ್, ಮುಖ್ಯವಾಗಿ ಮುಂದಿನ ಸುರುಳಿ ಹಾಯಿ, ಇವೆಲ್ಲ ಕೆಳಗಿಳಿಯಬೇಕು. ಸುರುಳಿ ಹಾಯಿಗೆ ಹಗ್ಗ ಬಿಗಿದರೆ ಸಾಕೆಂದು ಬಹಳ ಜನ ಬಿಡುತ್ತಾರೆ. ಅದು ನಡುರಾತ್ರಿ ಬಿಚ್ಚಿಕೊಂಡಿತೆಂದರೆ ತನ್ನ ಬೋಟಿನ ಜೊತೆಗೆ ಪಕ್ಕದವರ ಬೋಟನ್ನೂ ಕೆಡಿಸುತ್ತದೆ.

ವಿಜಯಪುರದಿಂದ

ಸರ್, ತುಂಬ ಉಪಕಾರವಾಯಿತು. ಪಂಪಿನ ಲೆಕ್ಕವನ್ನು ನಾನೇ ಹಾಕಿದೆ, ತಪ್ಪಿದ್ದರೆ ತಿದ್ದಬೇಕು. ಅವನ ಪಂಪಿನ ಮೇಲೆ ಗಂಟೆಗೆ 2,000 ಗ್ಯಾಲನ್ ಎಂದು ಬರೆದಿದೆ, ನಮ್ಮ ಲೆಕ್ಕದಲ್ಲಿ ಸುಮಾರು 7,500 ಲೀಟರ್. ಅದು ಹೆಡ್ ಇಲ್ಲದಾಗಿನ, ಎಂದರೆ ನೀರನ್ನು ಮೇಲೆತ್ತಬೇಕಿಲ್ಲದಾಗಿನ ಮಾತು. ತಳದಿಂದ ಹೊರಕಿಂಡಿಯವರೆಗೆ ಒಂದೂವರೆ ಮೀಟರ್ ಎತ್ತಿ, ಸುಕ್ಕುಸುಕ್ಕಾದ ಪೈಪಿನಲ್ಲಿ ತಿರುವುಗಳನ್ನು ದಾಟಿಸಿದರೆ ಇದರ ಬಹುಪಾಲು ಸಿಗುವುದಿಲ್ಲ. ಪಂಪು 8ರಿಂದ 10 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಗಂಟೆಯ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧವನ್ನೇ ಬಳಸಬೇಕೆಂದರೆ ಐದಾರು ಗಂಟೆಯ ಓಟ. ಎದುರಿಗೆ, ನೀರಿನ ಮಟ್ಟದಿಂದ ಒಂದಡಿ ಕೆಳಗಿರುವ ಒಂದೂವರೆ ಇಂಚಿನ ವಾಲ್ವಿನ ಪೈಪು ಕಳಚಿಕೊಂಡರೆ ನಿಮಿಷಕ್ಕೆ ಸುಮಾರು 100 ಲೀಟರ್ ನೀರು ಒಳಬರುತ್ತದೆ, ಗಂಟೆಗೆ 6,000 ಲೀಟರ್. ಹಾಗಾಗಿ ದೊಡ್ಡ ಪಂಪು ತಂದರೆ ಬ್ಯಾಟರಿ ಇನ್ನೂ ಬೇಗ ಬರಿದಾಗುತ್ತದೆ ಅಷ್ಟೇ ಎಂದು ಅವನಿಗೆ ಹೇಳಿದ್ದೇನೆ.

ಅವನು ಒಳಗೇ ಇರುವ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ. ಮರೀನಾದ ಕರಾರುಪತ್ರದಲ್ಲಿ ಎಚ್ಚರಿಕೆ ಬಂದ ಕೂಡಲೇ ಬೋಟನ್ನು ಹೊರಗೊಯ್ಯಬೇಕೆಂದು ಬರೆದಿದೆಯಂತೆ. ಅದಕ್ಕೂ ಹೆದರಿದ್ದಾನೆ.

ಉತ್ತರ: ಬೆಳಗಾವಿ

ಪಂಪಿನ ಲೆಕ್ಕ ಚೊಕ್ಕವಾಗಿದೆ. ನೀರು ಹೊರಹಾಕುವುದಕ್ಕಿಂತ ಒಳಬರದಂತೆ ಮಾಡುವುದೇ ದಾರಿ: ತಳದ ವಾಲ್ವುಗಳನ್ನೆಲ್ಲ ಮುಚ್ಚಬೇಕು, ಆದರೆ ಕೂರುವ ಜಾಗದ ಮಳೆನೀರು ಹರಿದುಹೋಗುವ ತೂತುಗಳನ್ನು ತೆರೆದೇ ಇಡಬೇಕು, ಗಾಳಿಗಿಂಡಿಗಳಿಗೂ ಎಂಜಿನ್ನಿನ ಹೊಗೆ ಕೊಳವೆಗೂ ಬಿರಡೆ ಹಾಕಬೇಕು. ಬ್ಯಾಟರಿ ಪೂರ್ತಿ ಚಾರ್ಜ್ ಆದ ಮೇಲೆ ದಂಡೆಯ ಕರೆಂಟಿನ ಕೇಬಲ್ಲನ್ನು ಬಿಚ್ಚಿ ಸುತ್ತಿಡಬೇಕು.

ಕರಾರಿನ ಬಗ್ಗೆ: ಫ್ಲಾರಿಡಾದ ಶಾಸನದ 327.59ನೆಯ ಕಲಮು, 1994ರ ಜೂನ್ 1ರ ನಂತರ, ಚಂಡಮಾರುತದ ಸೂಚನೆ ಹೊರಬಿದ್ದ ಮೇಲೆ ಬೋಟುಗಳನ್ನು ತೆಗೆಯಲೇಬೇಕೆಂದು ಮರೀನಾಗಳು ಒತ್ತಾಯಿಸುವುದನ್ನು ತಡೆಯುತ್ತದೆ. ಸೊತ್ತು ಉಳಿಸಲು ಹೋಗಿ ಮಾಲೀಕ ಪ್ರಾಣ ಕಳೆದುಕೊಳ್ಳಬಾರದೆಂಬುದೇ ಅದರ ಉದ್ದೇಶ. ದೊಡ್ಡ ಹಡಗುಗಳ ಬಂದರುಗಳಿಗೆ ಬೇರೆ ನಿಯಮವಿದೆ. ಮಾಲೀಕನು ತೆಗೆಯದೆ ಹೋದರೆ ಮರೀನಾದವರೇ ಬೋಟನ್ನು ಬಿಗಿದು ಅದರ ಖರ್ಚನ್ನು ಕೇಳಬಹುದು, ಆದ್ದರಿಂದ ಜಗಳಕ್ಕೆ ನಿಲ್ಲದೆ ಈಗಲೇ ಕಚೇರಿಯಲ್ಲಿ ಕುಳಿತು ಮಾತಾಡಿಕೊಳ್ಳಲಿ. ವಿಮೆಯ ಕಾಗದವನ್ನೂ ಅದೇ ದಿನ ಓದಲಿ. ಹೆಸರಿಟ್ಟ ಚಂಡಮಾರುತಕ್ಕೆ ಕೈಯಿಂದ ಭರಿಸಬೇಕಾದ ಪಾಲು ಬೇರೆಯೇ ಇರುತ್ತದೆ, ಲಿಖಿತ ಯೋಜನೆ ಕೊಟ್ಟಿದ್ದರೆ ಅದರಂತೆ ನಡೆದ ಫೋಟೋಗಳೂ ಬೇಕಾಗುತ್ತವೆ.

ಅವನು ಬೋಟಿನಲ್ಲಿ ಇರಬಾರದು. ಇದರಲ್ಲಿ ನನಗೆ ಎರಡನೆಯ ಮಾತಿಲ್ಲ. ಗಂಟೆಗೆ 150 ಕಿಲೋಮೀಟರ್ ಗಾಳಿಯಲ್ಲಿ ಡೆಕ್ಕಿನ ಮೇಲೆ ಮನುಷ್ಯ ನಿಲ್ಲಲಾರ. ಟನ್‌ಗಟ್ಟಲೆ ಭಾರ ಹೊತ್ತ ಹಗ್ಗವನ್ನು ಕೈಯಿಂದ ಸಡಿಲಿಸಲು ಹೋದರೆ ಬೆರಳು ಹೋಗುತ್ತದೆ. ಹಡಗಿನಲ್ಲಿ ಹಾಗೆ ಹರಿದ ಹಗ್ಗ ಮರಳಿ ಬಡಿದ ಪೆಟ್ಟನ್ನು ನಾನು ನೋಡಿದ್ದೇನೆ, ವರ್ಣಿಸುವುದು ಬೇಡ. ರಾತ್ರಿ ಹಗ್ಗ ಸರಿಪಡಿಸುವ ಅಗತ್ಯವೇ ಬೀಳದಂತೆ ಹಗಲಿನಲ್ಲಿ ಕಟ್ಟುವುದೇ ಈ ಎಲ್ಲ ತಯಾರಿಯ ಗುರಿ.

ಸಮಯದ ಲೆಕ್ಕ ಹೀಗಿದೆ. ಗಂಟೆಗೆ 63 ಕಿಲೋಮೀಟರಿನ ಬಿರುಗಾಳಿ ಬರುವುದಕ್ಕೆ 48 ಗಂಟೆ ಮೊದಲು 'ವಾಚ್' (ಚಂಡಮಾರುತ ಬರಬಹುದೆಂಬ ಸೂಚನೆ), 36 ಗಂಟೆ ಮೊದಲು 'ವಾರ್ನಿಂಗ್' (ಬರುವ ನಿರೀಕ್ಷೆಯಿದೆ ಎಂಬ ಎಚ್ಚರಿಕೆ) ಹೊರಡುತ್ತದೆ. ಇದು ಕೇಂದ್ರ ಬರುವ ಹೊತ್ತಲ್ಲ, ಕೆಲಸ ಅಸಾಧ್ಯವಾಗುವ ಗಾಳಿ ಬರುವ ಹೊತ್ತು. ವಾಚ್ ಬರುವ ಮೊದಲೇ ಹಾಯಿ ಇಳಿದಿರಲಿ, ವಾರ್ನಿಂಗ್ ಬರುವಷ್ಟರಲ್ಲಿ ಅವನು ಪಾಸ್‌ಪೋರ್ಟ್ ಮತ್ತು ಕೆಲಸದ ಕಾಗದಗಳೊಂದಿಗೆ ಒಳನಾಡಿನ ಗೆಳೆಯರ ಮನೆಯಲ್ಲಿರಲಿ. ತೀರಾ ತಡಮಾಡಿದರೆ ರಸ್ತೆಯೂ ಉಳಿಯುವುದಿಲ್ಲ. ಕೊಲ್ಲಿಯ ಬಾಯಿಗಿರುವ ಸನ್‌ಶೈನ್ ಸ್ಕೈವೇ ಸೇತುವೆಯನ್ನು ಗಾಳಿ ಗಂಟೆಗೆ ಸುಮಾರು 40 ಮೈಲಿ ಮುಟ್ಟಿದಾಗ ಮುಚ್ಚುತ್ತಾರೆ.

ತಾವು ಇಲ್ಲಿಂದ ನೋಡುವುದಾದರೆ ಟಿವಿಯ ಕೂಗಾಟವನ್ನು ಬಿಟ್ಟು ಮಯಾಮಿಯ ರಾಷ್ಟ್ರೀಯ ಹರಿಕೇನ್ ಕೇಂದ್ರದ ಪ್ರಕಟಣೆಯನ್ನೇ ನೋಡಿ. ಆರು ಗಂಟೆಗೊಮ್ಮೆ ಬರುತ್ತದೆ. ಆ ತಿಂಗಳುಗಳಲ್ಲಿ ನಮ್ಮ ಗಡಿಯಾರಕ್ಕೆ ಬೆಳಿಗ್ಗೆ 8.30, ಮಧ್ಯಾಹ್ನ 2.30, ರಾತ್ರಿ 8.30 ಮತ್ತು ನಸುಕಿನ 2.30. ನಕಾಶೆಯ ಮೇಲಿನ ಬಿಳಿ ಶಂಕು ಕೇಂದ್ರ ಸಾಗಬಹುದಾದ ದಾರಿಯನ್ನಷ್ಟೇ ತೋರಿಸುತ್ತದೆ. ಅದರ ಹೊರಗಿರುವ ಊರು ಸುರಕ್ಷಿತವೆಂದು ಅರ್ಥವಲ್ಲ, ಹೆಲೀನ್ ನೆನಪಿಸಿಕೊಳ್ಳಿ.

ವಿಜಯಪುರದಿಂದ

ಒಪ್ಪಿದ್ದಾನೆ. ತಾಯಿಯ ಮಾತಿಗಿಂತ ತಾವು ಹೇಳಿದ ಹಗ್ಗದ ಮಾತು ಹೆಚ್ಚು ನಾಟಿತು ಎನಿಸುತ್ತದೆ. ಇನ್ನೊಂದೇ ಸಂಶಯ: ಬೋಟನ್ನು ಕ್ರೇನಿನಿಂದ ಎತ್ತಿಸಿ ದಂಡೆಯ ಮೇಲಿಟ್ಟರೆ ಅದರೊಳಗೆ ಇರಬಹುದೇ ಎಂದು ಕೇಳುತ್ತಿದ್ದಾನೆ.

ಉತ್ತರ: ಬೆಳಗಾವಿ

ಎತ್ತಿಸುವುದು ಎಲ್ಲಕ್ಕಿಂತ ಒಳ್ಳೆಯದು, ಒಳಗಿರುವುದು ಅಲ್ಲಿಯೂ ಬೇಡ. ಆಧಾರದ ಕಬ್ಬಿಣದ ಕಾಲುಗಳ ಮೇಲೆ ನಿಂತ ಬೋಟು ಗಾಳಿಗೆ ಅಲುಗಾಡಿ ಉರುಳಬಹುದು. ಎದುರುಬದುರಿನ ಕಾಲುಗಳನ್ನು ಸರಪಳಿಯಿಂದ ಬಿಗಿದು, ನೆಲದಲ್ಲಿ ಹುಗಿದ ಕೊಂಡಿಗಳಿಗೆ ಪಟ್ಟಿಗಳಿಂದ ಬೋಟನ್ನು ಕಟ್ಟುವ ಅಂಗಳವನ್ನೇ ಆರಿಸಬೇಕು. ಅಂಗಳ ಎಷ್ಟು ಎತ್ತರದಲ್ಲಿದೆ ಎಂದು ಕೇಳಬೇಕು, ನೀರು ಅಲ್ಲಿಗೂ ಏರಿದರೆ ನಿಂತ ಬೋಟು ತೇಲಿಹೋಗುತ್ತದೆ. ಬಿರುಗಾಳಿಗೆ ಹೆಸರು ಬಿದ್ದ ಮೇಲೆ ಕ್ರೇನಿನ ಸರದಿ ಸಿಗುವುದು ಕಷ್ಟ, ಈಗಲೇ ಮುಂಗಡ ಕೊಟ್ಟು ಜಾಗ ಹಿಡಿಯಲಿ. ಗಾಳಿ ನಿಂತ ಮೇಲೆ ಉಪ್ಪುನೀರು ಹೊಕ್ಕ ಕಟ್ಟೆಯ ವಿದ್ಯುತ್ ಪೆಟ್ಟಿಗೆಗೆ, ತಜ್ಞರು ನೋಡುವವರೆಗೆ, ಕೇಬಲ್ ಜೋಡಿಸಬಾರದೆಂದು ತಮ್ಮಂತಹ ವೈಂಡಿಂಗ್ ಕೆಲಸದವರಿಗೆ ನಾನು ಹೇಳಬೇಕಿಲ್ಲ.

ಉತ್ತರ: ಬಾಗಲಕೋಟೆ

ಕ್ರೇನಿನ ಜಾಗ ಸಿಗದಿದ್ದರೆ ಎಂದು ಒಂದು ಮಾತು ಸೇರಿಸುತ್ತೇನೆ. ಉದ್ದ ಹಗ್ಗಗಳು ಬಂದ ಮೇಲೆ ಯಾವುದು ಯಾವ ಕಂಬಕ್ಕೆ ಎಂದು ಒಂದೊಂದಕ್ಕೂ ಬೇರೆ ಬಣ್ಣದ ಟೇಪು ಸುತ್ತಿ, ಗಾಳಿಯಿಲ್ಲದ ಒಂದು ರವಿವಾರ ಹಾಯಿ ಇಳಿಸುವುದರಿಂದ ಹಿಡಿದು ಕೊನೆಯ ಗಂಟಿನವರೆಗೆ ಎಲ್ಲವನ್ನೂ ಒಮ್ಮೆ ಮಾಡಿ, ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಲಿ. ಮಳೆಯಲ್ಲಿ ಒಬ್ಬನೇ ಮಾಡುವಾಗ ಅದರ ಎರಡರಷ್ಟು ಹೊತ್ತು ಬೇಕಾಗುತ್ತದೆ. ಕೆಲಸ ಎಂದು ಶುರುಮಾಡಬೇಕೆಂಬುದನ್ನು ಆ ಲೆಕ್ಕದಿಂದಲೇ ಗೊತ್ತುಮಾಡಿಕೊಳ್ಳಲಿ.