ಫ್ರೆಂಚ್ ಚಿನ್ನದ ‘ಸುವೆನೀರ್’ ಡಬ್ಬಿ: ಮುದ್ರೆ, ಎನಾಮೆಲ್ ಪರೀಕ್ಷೆ ಹೇಗೆ?

ಹಳೇಪೆಟ್ಟಿಗೆ: 18ನೇ ಶತಮಾನದ ಪ್ಯಾರಿಸ್ಸಿನದು ಎನ್ನುವ ಡಬ್ಬಿ. ಒಂದು ಬದಿ ‘ಸುವೆನೀರ್’ (ನೆನಪು), ಇನ್ನೊಂದು ಬದಿ ‘ದಾಮಿತಿಯೆ’ (ಸ್ನೇಹದ) ಎಂದು ಸಣ್ಣ ವಜ್ರಗಳಲ್ಲಿ ಬರೆದಿದೆ. ಒಳಗೆ ಟಿಪ್ಪಣಿ ಬರೆಯಲು ದಂತದ ಹಾಳೆ, ಪೆನ್ಸಿಲ್. ಹದ್ದಿನ ತಲೆಯ ಮುದ್ರೆ ಇದೆ. ಮೂಲೆಯಲ್ಲಿ ನೀಲಿ ಎನಾಮೆಲ್ ಎದ್ದಿದೆ.

ಒರೆಗಲ್ಲು: ಹದ್ದಿನ ತಲೆ 1838ರಿಂದ ಬಂದ ಮುದ್ರೆ, ಸಾವಿರಕ್ಕೆ ಕನಿಷ್ಠ 750 ಪಾಲು ಚಿನ್ನ (18 ಕ್ಯಾರೆಟ್) ಅಂತ ಅರ್ಥ. ಹಳೆಯ ಮಾಲು ಮತ್ತೆ ಮಾರಾಟಕ್ಕೆ ಬಂದಾಗಲೂ ಒತ್ತುತ್ತಿದ್ದರು, ಹಾಗಾಗಿ ಅದೊಂದರಿಂದ ಕಾಲ ಹೇಳಬೇಡಿ. 1789ರ ಫ್ರೆಂಚ್ ಕ್ರಾಂತಿಗೆ ಮುಂಚಿನದಾದರೆ ಅಕ್ಕಸಾಲಿಗನ ಮುದ್ರೆ, ಅಕ್ಕಸಾಲಿಗರ ಸಂಘದ ವರ್ಷಾಕ್ಷರ (ವರ್ಷ ಸೂಚಿಸುವ ಅಕ್ಷರ), ತೆರಿಗೆಯ ಎರಡು ಮುದ್ರೆ ಹುಡುಕಿ. ಮುಚ್ಚಳದ ಅಂಚು, ಒಳಬದಿಯನ್ನು 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪಿನಲ್ಲಿ (ಆಭರಣಕಾರರ ಭೂತಗನ್ನಡಿ) ನೋಡಿ. ಗೂಬೆಯ ಮುದ್ರೆ ಕಂಡರೆ (1893ರಿಂದ ಬಂದದ್ದು) ಫ್ರಾನ್ಸಿನಲ್ಲೇ ಮಾಡಿದ್ದು ಎನ್ನಲಾಗದು.

ಮೀನಾಗಾರ: ಎನಾಮೆಲ್ ಅಂದರೆ ಗಾಜು. ಕೆಳಗೆ ಚಿನ್ನದ ಮೇಲೆ ಯಂತ್ರದಿಂದ ಕೊರೆದ ಅಲೆಗೆರೆ ಇರುತ್ತೆ. ಡಬ್ಬಿ ಬಾಗಿದರೆ ಚಿನ್ನ ಬಗ್ಗುತ್ತೆ, ಗಾಜು ಬಗ್ಗಲ್ಲ, ಅದಕ್ಕೇ ಮೂಲೆ ಮೊದಲು ಹೋಗೋದು. ಮತ್ತೆ ಕುಲುಮೆಗೆ ಇಡಲೇಬೇಡಿ: ಸುಮಾರು 800 ಡಿಗ್ರಿಗೆ ಹಳೆಯ ಬೆಸುಗೆ, ವಜ್ರ ಎರಡಕ್ಕೂ ಅಪಾಯ. ಬಣ್ಣ ಹಾಕಿದ ರಾಳ ತುಂಬಿಸೋದೇ ಸರಿ, ಬೇಕಾದಾಗ ತೆಗೀಬಹುದು. ಅಲ್ಟ್ರಾಸಾನಿಕ್ ತೊಳೆತ (ದ್ರವದಲ್ಲಿಟ್ಟು ಶಬ್ದದ ಕಂಪನದಿಂದ ತೊಳೆಯೋದು) ಬೇಡವೇ ಬೇಡ. ವಜ್ರದ ಹಿಂದೆ, ನಮ್ಮ ಕುಂದಣದ ಹಾಗೆ, ರೇಕು (ತೆಳು ಲೋಹದ ಹಾಳೆ) ಇದ್ದರೆ ನೀರು ಹೊಕ್ಕು ಕಪ್ಪಾಗುತ್ತೆ. ಒಣ ಮೃದು ಕುಂಚ ಸಾಕು.

ಒರೆಗಲ್ಲು: ಇನ್ನೊಂದು, ಪೆನ್ಸಿಲ್ ಬದಿಯ ಕೊಳವೆಗಳಲ್ಲಿ ತೂರಿ ಅಗುಳಿಯಾಗುವ ಮಾದರಿಯಾದರೆ ಬಲವಂತ ಮಾಡಬೇಡಿ. ದಂತದ ಹಾಳೆ ಇರುವಾಗ ಭಾರತಕ್ಕೆ ತರಿಸುವ ಮಾತು ಬಿಡಿ, ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ.