‘ಪ್ರೊಪ್ರೈಟರಿ’ಗೆ ‘ಸ್ವಾಮ್ಯದ’ ಸಾಕೇ? ‘ಡಿವೈಸ್ ಟ್ರೀ’ಗೆ ‘ಪಹಣಿ’ ಆದೀತೇ?

ಗೆಳೆಯರೇ,

ಚಿತ್ರದುರ್ಗದಲ್ಲಿ ನಾವು ನಾಲ್ಕೈದು ಜನ ಭಾನುವಾರಗಳಲ್ಲಿ ಕೂತು ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಮ್ ಬಗ್ಗೆ ಒಂದು ಕನ್ನಡ ಕೈಪಿಡಿ ಬರೆಯುತ್ತಿದ್ದೇವೆ. ಆಪಲ್‌ನ ಎಂ1 ಚಿಪ್ಪಿನ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕುವ ಅಧ್ಯಾಯದ ಮೊದಲ ಸಾಲಿನಲ್ಲೇ ಗಾಡಿ ನಿಂತಿದೆ. ‘ಪ್ರೊಪ್ರೈಟರಿ ಆರ್ಮ್ ಪ್ರೊಸೆಸರ್’ (ಆರ್ಮ್ ಬಗೆಯ, ಆದರೆ ಒಳಗುಟ್ಟನ್ನು ಕಂಪನಿ ತನ್ನಲ್ಲೇ ಇಟ್ಟುಕೊಂಡ ಚಿಪ್) ಅನ್ನುವುದನ್ನು ಕನ್ನಡದಲ್ಲಿ ಏನಂತ ಬರೆಯೋದು?

ಮೊದಲು ‘ಸ್ವಾಮ್ಯದ’ ಅಂತ ಹಾಕಿದೆವು. ಓದಿದವರೊಬ್ಬರು ‘ಸರ್ಕಾರಿ ಸ್ವಾಮ್ಯದ್ದಾ?’ ಎಂದು ಕೇಳಿದರು. ಅವರ ತಪ್ಪಲ್ಲ. ಪೇಪರಿನಲ್ಲಿ ಆ ಪದ ಜಾಸ್ತಿ ಬರುವುದೇ ‘ಸರ್ಕಾರಿ ಸ್ವಾಮ್ಯದ ಬ್ಯಾಂಕ್’ ಅಂತ. ‘ಖಾಸಗಿ’ ಎಂದರೆ ಬಸ್ಸು ನೆನಪಾಗುತ್ತದೆ.

ನನಗನಿಸುವುದು, ಒಡೆಯ ಯಾರು ಅನ್ನೋದು ಇಲ್ಲಿ ತೊಂದರೆಯೇ ಅಲ್ಲ. ಕೆಲವು ಫೋನುಗಳಲ್ಲಿ ಬೂಟ್‌ಲೋಡರಿಗೇ (ಆನ್ ಮಾಡಿದಾಗ ಸಿಸ್ಟಮನ್ನು ಎಬ್ಬಿಸುವ ಪ್ರೋಗ್ರಾಮಿಗೇ) ಬೀಗ ಇರುತ್ತದೆ, ಬೇರೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಒಳಗೆ ಕಾಲಿಡುವಂತಿಲ್ಲ. ಎಂ1 ಹಾಗಲ್ಲ. ಲ್ಯಾಪ್‌ಟಾಪಿನ ಮಾಲೀಕ ಒಪ್ಪಿದರೆ ಬೇರೆ ಕರ್ನಲ್ ಬೂಟ್ ಮಾಡಬಹುದು, ಆ ದಾರಿ ಆಪಲ್ಲೇ ಬಿಟ್ಟಿದೆ. ಆದರೆ ಒಳಗಿನ ಯಾವ ಭಾಗವನ್ನು ಹೇಗೆ ಮಾತಾಡಿಸಬೇಕು ಅಂತ ಮಾತ್ರ ಹೇಳಿಲ್ಲ. ಯಂತ್ರ ಬಂದಿದ್ದು 2020ರ ನವೆಂಬರಿನಲ್ಲಿ, ಆಪಲ್ ಚಿಪ್ಪಿಗೆ ಲಿನಕ್ಸ್ ತರುವ ಅಸಾಹಿ ಲಿನಕ್ಸ್ ಯೋಜನೆಯ ಮೊದಲ ಆಲ್ಫಾ (ಪರೀಕ್ಷಾ ಆವೃತ್ತಿ) ಬಂದಿದ್ದು 2022ರ ಮಾರ್ಚಿನಲ್ಲಿ. ಆ ತಂಡದವರು ಆಪಲ್‌ನದೇ ಸಿಸ್ಟಮ್ ಆದ ಮ್ಯಾಕ್‌ಓಎಸ್ ಅನ್ನು ತಮ್ಮದೇ ಪುಟ್ಟ ಹೈಪರ್‌ವೈಸರ್ (ಇನ್ನೊಂದು ಸಿಸ್ಟಮನ್ನು ತನ್ನ ಮೇಲೆ ಓಡಿಸುವ ಪ್ರೋಗ್ರಾಮ್) ಮೇಲೆ ಓಡಿಸಿದರು. ಮ್ಯಾಕ್‌ಓಎಸ್ ಚಿಪ್ಪಿನ ಜೊತೆ ಏನೇನು ಮಾತಾಡುತ್ತದೆ ಅಂತ ಕದ್ದು ಕೇಳಿ, ಬರೆದುಕೊಂಡು, ಲಿನಕ್ಸಿಗೆ ಡ್ರೈವರ್ (ಸಾಧನವನ್ನು ಮಾತಾಡಿಸುವ ಪ್ರೋಗ್ರಾಮ್) ಮಾಡಿದರು.

ಇದನ್ನು ಓಬವ್ವನ ಕಿಂಡಿಗೆ ಹೋಲಿಸೋಣ ಅಂದ ಒಬ್ಬ ಗೆಳೆಯ. ಹಾಗೆ ಬರೆದರೆ ನಾವು ಹೈದರಾಲಿಯ ಕಡೆಯವರಾಗುತ್ತೇವೆ. ದುರ್ಗದಲ್ಲಿ ಕೂತು ಅದಾಗುವ ಮಾತಲ್ಲ. ಅಲ್ಲದೆ ಬಾಗಿಲು ತೆರೆದೇ ಇರುವಾಗ ಕಿಂಡಿ ಯಾಕೆ?

ಈ ಕಥೆಯನ್ನೆಲ್ಲ ಕೇಳಿದ ನಮ್ಮಮ್ಮ, ‘ಅಂದ್ರೆ ಅದು ಬಾಯೇ ಬಿಡಲ್ಲ ಅನ್ನು’ ಅಂದರು. ಅಂದಿನಿಂದ ನನ್ನ ತಲೆಯಲ್ಲಿ ‘ಬಾಯಿಬಿಡದ ಚಿಪ್’ ಕೂತುಬಿಟ್ಟಿದೆ. ಫೋನಿನದಕ್ಕೆ ‘ಬೀಗದ’, ಇದಕ್ಕೆ ‘ಬಾಯಿಬಿಡದ’ ಎಂದು ಎರಡು ಪದ ಇಡಬಹುದೇ? ತಲೆಬರಹಕ್ಕೆ ತುಸು ಸಡಿಲವಾಯಿತೇನೋ.

ಇನ್ನೊಂದು ಪದ ‘ಡಿವೈಸ್ ಟ್ರೀ’. ಯಾವ ಸಾಧನ ಯಾವ ವಿಳಾಸದಲ್ಲಿದೆ, ಅಲ್ಲಿಂದ ಎಷ್ಟು ಜಾಗ ಅದರದ್ದು, ಯಾವ ಇಂಟರಪ್ಟ್ (ಪ್ರೊಸೆಸರನ್ನು ಕರೆಯುವ ಸಂಕೇತ) ಅದಕ್ಕೆ ಸೇರಿದ್ದು ಎಂದು ಕರ್ನಲ್ಲಿಗೆ ತಿಳಿಸುವ ಕಡತ. ‘ಸಾಧನ ವೃಕ್ಷ’ ಅಂದರೆ ಸುಮ್ನೆ ಮರ ಕಾಣುತ್ತದೆ, ಕೆಲಸ ಕಾಣುವುದಿಲ್ಲ. ಸರ್ವೆ ನಂಬರು, ವಿಸ್ತೀರ್ಣ, ಯಾರ ಹೆಸರಿಗಿದೆ ಅಂತ ಹೇಳುವ ಪಹಣಿಯ ಹಾಗೇ ಇದೆ, ಅಲ್ವಾ? ಒಂದು ಕೊರತೆ ಒಪ್ಪುತ್ತೇನೆ. ಒಂದು ‘ಬಸ್’ (ಸಾಧನಗಳನ್ನು ಜೋಡಿಸುವ ಹಾದಿ) ಕೆಳಗೆ ಹಲವು ಸಾಧನ, ಅವುಗಳ ಕೆಳಗೆ ಮತ್ತೆ ಕೆಲವು ಅನ್ನುವ ತಾಯಿ-ಮಗು ಸಂಬಂಧ ಪಹಣಿಯಲ್ಲಿ ಬರುವುದಿಲ್ಲ. ‘ವಂಶವೃಕ್ಷ’ ಎಂದರೆ ಅದು ಬರುತ್ತದೆ, ವಿಳಾಸ ಹೋಗುತ್ತದೆ.

ಧಾರವಾಡ, ಬೆಳಗಾವಿ ಕಡೆಯವರು ಪಹಣಿಗೆ ‘ಉತಾರ’ ಅನ್ನುತ್ತೀರಿ. ಕೈಪಿಡಿಯಲ್ಲಿ ‘ಸಾಧನ ಪಹಣಿ’ ಅಂತ ಕಂಡರೆ ನಿಮಗೆ ತಟ್ಟನೆ ಹೊಳೆಯುತ್ತದೆಯೇ?